ಹಳೆಯ ಪತ್ರಗಳು, ಕನ್ನಡ ಕಾದಂಬರಿ ಮತ್ತು ಗ್ರಂಥಸಂಪಾದನೆಯ ಶಿಸ್ತು

ವಿಚಾರಸಂಕಿರಣವೊಂದರಲ್ಲಿ ಸಂಶೋಧನ ವಿದ್ಯಾರ್ಥಿನಿಯೊಬ್ಬರು ಕೇಳಿದ ಪ್ರಶ್ನೆ ಈ ಬರೆಹಕ್ಕೆ ಕಾರಣ. ಎ.ಎಸ್. ಬಯಟ್ ಅವರ ‘ಪೊಸೆಷನ್’ (೧೯೯೦) ಕಾದಂಬರಿಯಲ್ಲಿ, ಲಂಡನ್ನಿನ ಗ್ರಂಥಾಲಯದ ಹಳೆಯ ಪುಸ್ತಕವೊಂದರ ಪುಟಗಳ ನಡುವೆ ಸಿಕ್ಕುವ ಪತ್ರದ ಕರಡುಗಳು ಹತ್ತೊಂಬತ್ತನೆಯ ಶತಮಾನದ ಇಬ್ಬರು ಕವಿಗಳನ್ನೂ ಇಪ್ಪತ್ತನೆಯ ಶತಮಾನದ ಇಬ್ಬರು ಸಂಶೋಧಕರನ್ನೂ ಒಂದೇ ಕಥೆಯೊಳಕ್ಕೆ ತರುತ್ತವೆ. ಅದೇ ವರ್ಷ ಬೂಕರ್ ಪ್ರಶಸ್ತಿ ಪಡೆದ ಆ ಕೃತಿಯನ್ನು ಪ್ರಸ್ತಾಪಿಸಿ ಆಕೆ ಕೇಳಿದರು: ‘ಹಳೆಯ ಪತ್ರಗಳ ಮೂಲಕ ಬೇರೆ ಬೇರೆ ಕಾಲದ ಪಾತ್ರಗಳನ್ನು ಬೆಸೆಯುವ ಇಂಥ ಕಾದಂಬರಿ ನಮ್ಮಲ್ಲಿ ಏಕೆ ಬೆಳೆಯಲಿಲ್ಲ?’ ವೇದಿಕೆಯ ಮೇಲಿದ್ದ ಹಿರಿಯರೊಬ್ಬರು ‘ನಾವು ಕಾಗದ ಇಟ್ಟುಕೊಳ್ಳುವ ಜನ ಅಲ್ಲಮ್ಮ’ ಎಂದರು. ಸಭೆ ನಕ್ಕಿತು. ಚರ್ಚೆ ಅಲ್ಲಿಗೇ ಮುಗಿಯಿತು.

ಆ ಉತ್ತರ ಅರ್ಧ ನಿಜ, ಅರ್ಧ ಸುಳ್ಳು. ಪತ್ರವನ್ನೇ ಕಾಲಸೇತುವಾಗಿ ಮಾಡಿಕೊಂಡು ಇಡೀ ಕೃತಿಯನ್ನು ಅದರ ಮೇಲೆ ನಿಲ್ಲಿಸಿದ ಕಾದಂಬರಿ ನಮ್ಮ ಪಠ್ಯಗಳಲ್ಲಿ, ವಿಮರ್ಶೆಯ ಚರ್ಚೆಗಳಲ್ಲಿ ಕಾಣಿಸುವುದು ವಿರಳವೆಂಬುದು ನಿಜ. ಆದರೆ ನಾವು ಕಾಗದಗಳನ್ನು ಇಟ್ಟುಕೊಳ್ಳಲಿಲ್ಲ ಎಂಬುದು ನಿಜವಲ್ಲ. ಇಟ್ಟುಕೊಂಡಿದ್ದೇವೆ, ಆದರೆ ಅವುಗಳನ್ನು ಪಠ್ಯಗಳೆಂದು ತಿಳಿದು ಓದಿಲ್ಲ. ಈ ವ್ಯತ್ಯಾಸ ಕಾದಂಬರಿಕಾರರಿಗಿಂತ ಹೆಚ್ಚಾಗಿ ಕನ್ನಡ ವಿಭಾಗಗಳಲ್ಲಿ ಕೆಲಸ ಮಾಡುವ ನಮಗೆ ಸಂಬಂಧಿಸಿದ್ದು ಎಂಬುದು ನನ್ನ ಅಭಿಪ್ರಾಯ.

೧

ಮೊದಲಿಗೆ ನಮ್ಮ ಕಾದಂಬರಿ ಕಾಲಗಳನ್ನು ಬೆಸೆದ ಬಗೆಗಳನ್ನು ಗಮನಿಸಬಹುದು. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (೧೯೬೮) ಈ ದೃಷ್ಟಿಯಿಂದ ಬಹು ಮುಖ್ಯವಾದ ಕೃತಿ. ಬಾಲವಿಧವೆಯಾದ ಅಜ್ಜಿಯ ಕೈಗೆ ಮೊಮ್ಮಗ ಸುಬ್ಬರಾಯ ಹಳೆಯ ವಸ್ತುವೊಂದನ್ನು ಕೊಟ್ಟರೆ, ಅದರ ಸ್ಪರ್ಶದಿಂದಲೇ ಆಕೆಗೆ ಸಾವಿರಾರು ವರ್ಷಗಳ ಹಿಂದಿನ ಬದುಕು ಕಾಣಿಸುತ್ತದೆ. ಇಲ್ಲಿ ಅಕ್ಷರದ ಹಂಗಿಲ್ಲ. ಬರೆಯದೆ ಹೋದ ಕಾಲಗಳನ್ನೂ ಮಾತನಾಡಿಸಬಲ್ಲ ಸೇತುವೆಯೊಂದನ್ನು ಕಾರಂತರು ಕಂಡುಕೊಂಡರು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (೧೯೭೬) ಇನ್ನೊಂದು ಬಗೆಯದು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡ ಹಿರಿಯ ಹೆಣ್ಣೊಬ್ಬಳ ಬದುಕು ಲೇಖಕಿಯ ತಾಯಿಯ ಕಿವಿಗೆ, ಅಲ್ಲಿಂದ ಲೇಖಕಿಯ ಕಿವಿಗೆ ಬಿದ್ದು, ಕೊನೆಗೆ ಕಾದಂಬರಿಯಾಯಿತು. ಬಾಯಿಂದ ಬಾಯಿಗೆ ಬಂದ ಈ ಕಥನದಲ್ಲಿ ಕಾಗದದ ತುಣುಕೂ ಬೇಕಾಗಲಿಲ್ಲ.

ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (ಇದಕ್ಕೆ ೧೯೯೦ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು) ಮೈಸೂರು ಸೀಮೆಯ ಆಡುನುಡಿಯಲ್ಲಿ ಇದಕ್ಕಿಂತ ಧೀರವಾದ ಹೆಜ್ಜೆಯನ್ನಿಟ್ಟಿತು. ಮನೆಮನೆಯ ದೀಪದ ಜೋತಮ್ಮಗಳು ಇರುಳಿನಲ್ಲಿ ಒಂದೆಡೆ ಸೇರಿ ತಂತಮ್ಮ ಮನೆಯ ಕಥೆ ಹೇಳಿಕೊಳ್ಳುವ ಆ ಕಥನದಲ್ಲಿ ಮಂಚಕ್ಕೂ ಮಾತು ಬರುತ್ತದೆ. ಬರೆಯುವ ಅವಕಾಶವೇ ಇಲ್ಲದ ಸಮುದಾಯದ ನೆನಪನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಇದು ಕೊಟ್ಟ ಉತ್ತರ. ಕಾಗದವಿಲ್ಲದ ಮನೆಯಲ್ಲೂ ದೀಪವಿತ್ತು. ಆದ್ದರಿಂದ ದೀಪವೇ ಸಾಕ್ಷಿಯಾಯಿತು.

ಈ ಮೂರೂ ಕೃತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಪತ್ರದ ಅಭಾವ ಒಂದು ಕೊರತೆಯಾಗಿ ತೋರುವುದಿಲ್ಲ. ಅಕ್ಷರ ಕೆಲವರ ಸ್ವತ್ತಾಗಿದ್ದ ಸಮಾಜದಲ್ಲಿ ಪತ್ರವನ್ನು ಮಾತ್ರ ನಂಬಿದ ಕಾದಂಬರಿ ಕೆಲವರ ಕಾಲವನ್ನು ಮಾತ್ರ ಬೆಸೆಯಬಲ್ಲದು. ನಮ್ಮ ದೊಡ್ಡ ಲೇಖಕರು ಈ ಮಿತಿಯನ್ನು ಅರಿತೇ ಬೇರೆ ದಾರಿ ಹಿಡಿದರೆಂದು ಹೇಳಬಹುದು. ಆಕೆಯ ಪ್ರಶ್ನೆಗೆ ಇದು ಮೊದಲನೆಯ ಉತ್ತರ.

೨

ಆದರೆ ಕಾಗದವನ್ನು ನೆಚ್ಚಿದ ಕನ್ನಡ ಕಾದಂಬರಿಗಳೂ ಇವೆ. ಅವುಗಳಲ್ಲಿ ಎರಡು ವಿರುದ್ಧ ಮಾದರಿಗಳು ನನಗೆ ಕಾಣುತ್ತವೆ.

ಒಂದು, ಕಾರಂತರದೇ ‘ಅಳಿದ ಮೇಲೆ’ (೧೯೬೦). ರೈಲು ಪ್ರಯಾಣದಲ್ಲಿ ಪರಿಚಯವಾದ ಯಶವಂತರಾಯರು ಮುಂಬಯಿಯಲ್ಲಿ ತೀರಿಕೊಂಡ ಮೇಲೆ, ಅವರು ಬಿಟ್ಟುಹೋದ ಹಣವೂ ಬರೆಹಗಳೂ ನಿರೂಪಕರ ಪಾಲಿಗೆ ಬರುತ್ತವೆ. ಆ ಕಾಗದಗಳಿಂದಲೇ ಸತ್ತವರ ಬದುಕು ತಿಳಿದುಬಿಟ್ಟಿದ್ದರೆ ಕಾದಂಬರಿ ಹತ್ತು ಪುಟಗಳಿಗೆ ಮುಗಿಯುತ್ತಿತ್ತು. ಹಾಗಾಗುವುದಿಲ್ಲ. ನಿರೂಪಕರು ಊರೂರು ಅಲೆದು, ಯಶವಂತರಾಯರಿಂದ ನೆರವು ಪಡೆದವರನ್ನೂ ಅವರನ್ನು ಪ್ರೀತಿಸಿದವರನ್ನೂ ದ್ವೇಷಿಸಿದವರನ್ನೂ ಕಂಡು ಮಾತನಾಡಬೇಕಾಗುತ್ತದೆ. ಕಾಗದ ಒಂದು ಹೆಸರನ್ನು ಕೊಡುತ್ತದೆ. ಆ ಹೆಸರಿನ ಹಿಂದಿನ ಮನುಷ್ಯರನ್ನು ಕಾಣಲು ನಡೆದೇ ಹೋಗಬೇಕು. ಒಬ್ಬರು ಹೇಳಿದ್ದನ್ನು ಮತ್ತೊಬ್ಬರು ಅಲ್ಲಗಳೆಯುವಾಗ ನಿರೂಪಕರು ತಮ್ಮ ಎಣಿಕೆಯನ್ನು ತಿದ್ದಿಕೊಳ್ಳುತ್ತಾರೆ. ಕೃತಿಯ ನೈತಿಕ ಘನತೆ ಇರುವುದು ಈ ತಿದ್ದುಪಡಿಯಲ್ಲಿ.

ಇನ್ನೊಂದು, ಮೈಸೂರಿನಲ್ಲಿ ಬಹುಕಾಲ ನೆಲೆಸಿದ್ದ, ೨೦೨೫ರಲ್ಲಿ ನಮ್ಮನ್ನಗಲಿದ ಎಸ್.ಎಲ್. ಭೈರಪ್ಪ ಅವರ ‘ಆವರಣ’ (೨೦೦೭). ತಂದೆ ತೀರಿಕೊಂಡ ಮೇಲೆ ಹಳ್ಳಿಯ ಮನೆಗೆ ಮರಳುವ ನಾಯಕಿ, ಅವರು ಸಂಗ್ರಹಿಸಿದ ಪುಸ್ತಕಗಳನ್ನೂ ಟಿಪ್ಪಣಿಗಳನ್ನೂ ಓದಿ, ಔರಂಗಜೇಬನ ಕಾಲದ ರಜಪೂತ ರಾಜಕುಮಾರನೊಬ್ಬನ ಕಥೆಯನ್ನು ಬರೆಯುತ್ತಾಳೆ. ಎರಡು ಕಾಲಗಳು ಹೀಗೆ ಒಂದಾಗುತ್ತವೆ. ಈ ಕೃತಿಯ ಇತಿಹಾಸದೃಷ್ಟಿಯನ್ನು ಕುರಿತು ಪರ ವಿರೋಧವಾಗಿ ಬೇಕಾದಷ್ಟು ಚರ್ಚೆ ನಡೆದಿದೆ. ಅದನ್ನು ಇಲ್ಲಿ ಮುಂದುವರಿಸುವುದು ನನ್ನ ಉದ್ದೇಶವಲ್ಲ. ರೂಪದ ದೃಷ್ಟಿಯಿಂದ ಒಂದು ಮಾತನ್ನಷ್ಟೇ ಹೇಳಬೇಕು. ಇಲ್ಲಿ ದಾಖಲೆ ಎಂದೂ ತಡವರಿಸುವುದಿಲ್ಲ. ತಂದೆಯ ಟಿಪ್ಪಣಿ ಹಾಗೂ ಮಗಳ ತೀರ್ಮಾನ ಇವೆರಡರ ನಡುವೆ ಯಾವುದೇ ಹರಿದ ಹಾಳೆ, ಅಳಿಸಿಹೋದ ಸಾಲು, ಎರಡು ಅರ್ಥಕ್ಕೆ ಎಡೆಕೊಡುವ ಪದ ಬರುವುದಿಲ್ಲ. ‘ಅಳಿದ ಮೇಲೆ’ಯಲ್ಲಿ ಕಾಗದ ಸಾಕ್ಷಿಯಾದರೆ ಇಲ್ಲಿ ಅದು ತೀರ್ಪಾಗುತ್ತದೆ.

ಈ ಭೇದ ಕಾದಂಬರಿಗಷ್ಟೇ ಸೀಮಿತವಲ್ಲ. ೧೯೧೬ರಲ್ಲಿ ಮೈಸೂರು ಸಂಸ್ಥಾನದ ಪ್ರಾಕ್ತನ ವಿಮರ್ಶೆಯ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರಿಗೆ ಶೃಂಗೇರಿಯಲ್ಲಿ ಟಿಪ್ಪು ಸುಲ್ತಾನನು ಮಠದ ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳು ದೊರೆತವು. ೧೭೯೧ರಲ್ಲಿ ಮರಾಠಾ ಸೈನ್ಯದವರು ಶೃಂಗೇರಿಯನ್ನು ಲೂಟಿ ಮಾಡಿದ ಮೇಲೆ ಶಾರದಾ ದೇವಿಯ ಪುನಃಪ್ರತಿಷ್ಠೆಗೆ ನೆರವು ನೀಡಿದ ಸಂಗತಿ ಆ ಪತ್ರಗಳಿಂದ ತಿಳಿಯಿತು. ‘ಕರ್ಣಾಟಕ ಕವಿಚರಿತೆ’ಯ ಕರ್ತೃವೇ ಆ ಪತ್ರಗಳನ್ನು ಬೆಳಕಿಗೆ ತಂದರೆಂಬುದನ್ನು ಕನ್ನಡ ವಿದ್ಯಾರ್ಥಿಗಳು ನೆನೆಯಬೇಕು. ಅಂದಿನಿಂದ ಇಂದಿನವರೆಗೆ ಅವು ಎಷ್ಟೋ ಭಾಷಣಗಳಲ್ಲಿ, ಲೇಖನಗಳಲ್ಲಿ ಉಲ್ಲೇಖಗೊಂಡಿವೆ. ಒಂದು ಪಕ್ಷದವರಿಗೆ ಅವು ಸುಲ್ತಾನನ ಔದಾರ್ಯಕ್ಕೆ ಪ್ರಮಾಣ. ಇನ್ನೊಂದು ಪಕ್ಷದವರಿಗೆ ಯುದ್ಧಕಾಲದ ರಾಜಕಾರಣಕ್ಕೆ ಪ್ರಮಾಣ. ಆದರೆ ಆ ಒಕ್ಕಣೆಯಲ್ಲಿ ಸುಲ್ತಾನನ ಮಾತು ಎಷ್ಟು, ಬರೆದ ರಾಯಸದವನ ರೂಢಿ ಎಷ್ಟು, ಮಠಗಳಿಗೆ ಬರೆಯುವ ಪತ್ರಗಳ ಹಿಂದಿನ ಸಂಪ್ರದಾಯ ಎಷ್ಟು ಎಂಬ ಪ್ರಶ್ನೆಯನ್ನು ವಾಗ್ವಾದದಲ್ಲಿ ತೊಡಗಿದವರು ಕೇಳುವುದು ಅಪರೂಪ. ಪತ್ರವನ್ನು ತೀರ್ಪೆಂದು ಓದುವ ಅಭ್ಯಾಸ ನಮ್ಮಲ್ಲಿ ಎಷ್ಟು ಆಳವಾಗಿದೆಯೆಂಬುದಕ್ಕೆ ಇದು ನಿದರ್ಶನ.

೩

ಈ ಮಾತುಗಳನ್ನು ಕೇವಲ ತಾತ್ತ್ವಿಕವಾಗಿ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಚಾಮರಾಜಪುರದ ಹಳೆಯ ಮನೆಯೊಂದನ್ನು ಕೆಡವುವ ಸಂದರ್ಭ ಬಂದಿತು. ಮನೆಯವರು ಪರಿಚಿತರು. ‘ವಿಭಾಗಕ್ಕೆ ಬೇಕಾದ ಪುಸ್ತಕಗಳಿದ್ದರೆ ತೆಗೆದುಕೊಂಡು ಹೋಗಿ’ ಎಂದು ಹೇಳಿಕಳಿಸಿದರು. ಪುಸ್ತಕಗಳು ಹೆಚ್ಚಿರಲಿಲ್ಲ. ಉಗ್ರಾಣದ ಬಾಗಿಲ ಹಿಂದೆ, ಗೋಡೆಯ ಮೊಳೆಗೆ, ಕಾಗದ ಚುಚ್ಚಿಡುವ ಮೂರು ಕಂಬಿಗಳು ತೂಗುತ್ತಿದ್ದವು. ಕಾರ್ಡು, ಇನ್‌ಲ್ಯಾಂಡು, ಲಕೋಟೆಗಳೆಲ್ಲ ಒಂದರ ಮೇಲೊಂದು ಚುಚ್ಚಿಕೊಂಡು ಧೂಳು ಹಿಡಿದಿದ್ದವು. ಹಳೆಯ ಕಾಗದ ಕೊಳ್ಳುವವನು ತಕ್ಕಡಿ ಹಿಡಿದು ಹಜಾರದಲ್ಲಿ ಕಾಯುತ್ತಿದ್ದ. ಮನೆಯ ಮೊಮ್ಮಗ, ‘ಅದರಲ್ಲೇನಿದೆ ಸಾರ್, ಬರೀ ಕ್ಷೇಮಸಮಾಚಾರ’ ಎಂದ. ಮೂರು ಕಂಬಿಗಳನ್ನೂ ಕೇಳಿ ತಂದೆ.

ಮನೆಗೆ ತಂದು ಒಂದೊಂದಾಗಿ ಬಿಡಿಸಿ ಪಟ್ಟಿ ಮಾಡತೊಡಗಿದಾಗ ಮೊಮ್ಮಗನ ಮಾತು ಸರಿಯೆಂದೇ ಕಂಡಿತು. ‘ಉಭಯ ಕುಶಲೋಪರಿ ಸಾಂಪ್ರತ’, ‘ಇತ್ತ ನಾವೆಲ್ಲರೂ ಕ್ಷೇಮ’, ‘ಕಳಿಸಿದ ಹಣ ತಲುಪಿತು’, ‘ಮಳೆ ಹಿಡಿದಿದೆ’, ‘ಚಿ|| ಸೌ||ಳನ್ನು ಹಬ್ಬಕ್ಕೆ ಕಳುಹಿಸಿಕೊಡುವುದು’. ಸುಮಾರು ನಾಲ್ಕು ದಶಕಗಳ ಕಾಗದಗಳು. ಮದುವೆಗಳಿವೆ, ನಾಮಕರಣಗಳಿವೆ, ಪರೀಕ್ಷೆಯ ಫಲಿತಾಂಶಗಳಿವೆ, ಜಮೀನಿನ ವ್ಯಾಜ್ಯಗಳಿವೆ. ಬಹಳ ದಿನಗಳ ಮೇಲೆ ಹೊಳೆಯಿತು: ಇಷ್ಟು ಕಾಗದಗಳಲ್ಲಿ ಒಬ್ಬರೂ ಸತ್ತಿಲ್ಲ.

ಕಾರಣವನ್ನು ನಮ್ಮ ಹಿರಿಯರಾದರೆ ತಕ್ಷಣ ಹೇಳುತ್ತಿದ್ದರು. ಸಾವಿನ ಸುದ್ದಿ ಹೊತ್ತು ಬಂದ ಕಾಗದವನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಓದಿದ ಕೂಡಲೇ ಹರಿದು ಎಸೆದು, ಸ್ನಾನ ಮಾಡುತ್ತಿದ್ದರು. ಅರಿಸಿನ ಹಚ್ಚಿದ ಶುಭಪತ್ರಗಳು ಕಂಬಿಗೆ ಏರಿದವು. ಅಶುಭದ ಕಾಗದಗಳು ಬೀದಿಯ ಪಾಲಾದವು. ಅಂದರೆ ಈ ಸಂಗ್ರಹದಲ್ಲಿರುವ ಲೋಪ ಆಕಸ್ಮಿಕವಾದುದಲ್ಲ. ಗೆದ್ದಲು ತಿಂದ ಲೋಪಕ್ಕೂ ಆಚಾರ ಮಾಡಿದ ಲೋಪಕ್ಕೂ ಇರುವ ಅಂತರವನ್ನು ತಿಳಿಯದವನು ಈ ಕಂಬಿಗಳನ್ನು ಓದಿ, ಸಾವಿಲ್ಲದ ಮನೆಯೊಂದರ ಕಥೆಯನ್ನು ಬರೆದಾನು.

ಅವುಗಳಲ್ಲಿ ೧೯೫೬ರ ಒಂದು ಕಾರ್ಡು ನನ್ನನ್ನು ಬಹುವಾಗಿ ಕಾಡಿತು. ಹಳ್ಳಿಯಲ್ಲಿದ್ದ ಅಕ್ಕ ಮೈಸೂರಿನ ತಮ್ಮನಿಗೆ ಬರೆಸಿದ್ದು. ಆಕೆಗೆ ಅಕ್ಷರ ಬರುತ್ತಿರಲಿಲ್ಲವೆಂದು ಕಾಣುತ್ತದೆ. ನಾಲ್ಕೈದು ಕಾರ್ಡುಗಳಿಗೊಮ್ಮೆ ಕೈಬರೆಹ ಬದಲಾಗುತ್ತದೆ. ಒಮ್ಮೆ ಶಾಲೆಯ ಮೇಷ್ಟರ ದುಂಡನೆಯ ಅಕ್ಷರ, ಒಮ್ಮೆ ಮಗುವಿನ ಕಾಗುಣಿತ. ಆ ಕಾರ್ಡಿನಲ್ಲಿ ಕ್ಷೇಮದ ಒಕ್ಕಣೆ ಮುಗಿದ ಮೇಲೆ ಎರಡೇ ಮಾತು: ‘ಆ ವಿಷಯ ತಿಳಿಯಿತು. ಇನ್ನು ಅದನ್ನು ಬರೆಯುವುದು ಬೇಡ.’ ಅದರ ಮುಂದಿನ ಎಂಟು ತಿಂಗಳು ಆಕೆಯ ಕಾರ್ಡುಗಳಿಲ್ಲ.

ಹಿಂದಿನ ಕಾಗದಗಳಲ್ಲಿ ಜಮೀನಿನ ಭಾಗದ ಪ್ರಸ್ತಾಪವಿದ್ದುದರಿಂದ, ಅಕ್ಕತಮ್ಮಂದಿರು ಆಸ್ತಿಗಾಗಿ ಮನಸ್ತಾಪ ಮಾಡಿಕೊಂಡರೆಂದು ನಾನು ಊಹಿಸಿದೆ. ಊಹೆ ಎಷ್ಟು ಸೊಗಸಾಗಿತ್ತೆಂದರೆ, ಅದರ ಮೇಲೆ ಒಂದು ಪ್ರಬಂಧವನ್ನೇ ಬರೆಯಬಹುದಿತ್ತು. ಕಥೆಗಾರನಾಗಿದ್ದರೆ ಕಾದಂಬರಿಯನ್ನೇ ಬರೆಯುತ್ತಿದ್ದೆ. ಅದೃಷ್ಟಕ್ಕೆ ಆ ಮನೆಯ ಹಿರಿಯ ಸೊಸೆ ಆಗಿನ್ನೂ ಇದ್ದರು. ಎಂಬತ್ತು ದಾಟಿದ್ದ ಅವರಿಗೆ ಕಾರ್ಡನ್ನು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಜಮೀನಲ್ಲಪ್ಪ. ಆ ಅತ್ತಿಗೆ ತನ್ನ ಮಗಳನ್ನ ಇಲ್ಲಿಗೆ ಬಾಣಂತನಕ್ಕೆ ಕಳಿಸಿದ್ದರು. ಮಗು ಉಳೀತು, ಹುಡುಗಿ ಉಳೀಲಿಲ್ಲ. ನಮ್ಮ ಮಾವನವರೇ ಕಾಗದ ಬರೆದಿದ್ದರು’ ಎಂದರು. ಆ ಕಾಗದವನ್ನು ಹಳ್ಳಿಯಲ್ಲಿ ಓದಿಸಿ ಹರಿದಿರಬೇಕು. ಉಳಿದದ್ದು ಅದಕ್ಕೆ ಬಂದ ಉತ್ತರ ಮಾತ್ರ. ಅದೂ ಸಾವಿನ ಹೆಸರೆತ್ತದೆ ‘ಆ ವಿಷಯ’ ಎಂದದ್ದರಿಂದ ಉಳಿಯಿತು. ನಾನು ಮನಸ್ತಾಪವೆಂದು ಓದಿದ ಎಂಟು ತಿಂಗಳ ಮೌನ ತಾಯಿಯೊಬ್ಬಳ ಶೋಕವಾಗಿತ್ತು.

ಆ ಹಿರಿಯರು ಈಗ ಇಲ್ಲ. ಅವರನ್ನು ಎರಡು ವರ್ಷ ತಡವಾಗಿ ಕಂಡಿದ್ದರೆ ನನ್ನ ಊಹೆಯೇ ಸತ್ಯವಾಗಿ ಉಳಿದುಬಿಡುತ್ತಿತ್ತು.

೪

ಈ ಅನುಭವದಿಂದ ನಾನು ಕಲಿತ ಪಾಠ ಹೊಸದೇನಲ್ಲ. ನಮ್ಮ ಗುರುಪರಂಪರೆ ಅದನ್ನು ಎಂದೋ ಹೇಳಿಕೊಟ್ಟಿದೆ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ (೧೯೬೪) ನಮ್ಮ ಎಂ.ಎ. ತರಗತಿಗಳಲ್ಲಿ ತಲೆಮಾರುಗಳಿಂದ ಪಾಠವಾಗಿದೆ. ಪ್ರತಿಯನ್ನು ಕಂಡೊಡನೆ ನಂಬಬಾರದು. ಲಿಪಿಕಾರ ಯಾರು, ಎಲ್ಲಿ ಕೈತಪ್ಪಿದೆ, ಎಲ್ಲಿ ಗ್ರಂಥಪಾತವಾಗಿದೆ, ಎಲ್ಲಿ ಬೇರೆಯವರ ಮಾತು ಸೇರಿದೆ ಎಂಬುದನ್ನು ಪರೀಕ್ಷಿಸಿಯೇ ಪಾಠವನ್ನು ನಿರ್ಣಯಿಸಬೇಕು ಎಂಬುದು ಆ ಶಾಸ್ತ್ರದ ತಿರುಳು. ಓಲೆಗರಿಗೆ ಅನ್ವಯಿಸುವ ಈ ಶಿಸ್ತನ್ನು ಓಲೆಗೆ, ಎಂದರೆ ಪತ್ರಕ್ಕೆ, ನಾವು ಅನ್ವಯಿಸಲಿಲ್ಲ. ಹಳಗನ್ನಡದಲ್ಲಿ ಎರಡಕ್ಕೂ ಒಂದೇ ಪದವಿತ್ತೆಂಬುದನ್ನೂ ಮರೆತೆವು.

ಅನ್ವಯಿಸಿದರೆ ಏನಾಗುತ್ತದೆ? ಬರೆಸಿದ ಕಾರ್ಡಿಗೆ ಇಬ್ಬರು ಕರ್ತೃಗಳೆಂಬುದು ಮೊದಲು ಕಾಣುತ್ತದೆ. ‘ತೀರ್ಥರೂಪ ಸಮಾನರಾದ’ ಎಂಬುದು ಮೇಷ್ಟರದು. ‘ಆ ವಿಷಯ’ ಎಂಬುದು ತಾಯಿಯದು. ಒಕ್ಕಣೆಯ ರೂಢಿ ಹಾಗೂ ಮನಸ್ಸಿನ ಮಾತು ಇವೆರಡನ್ನು ಬೇರ್ಪಡಿಸದೆ ಆ ಕಾಲದ ಹೆಣ್ಣಿನ ಭಾಷೆ ಹೀಗಿತ್ತೆಂದು ಹೇಳಲು ಬರುವುದಿಲ್ಲ. ಕಂಬಿಯಲ್ಲಿರುವುದು ಬಂದ ಕಾಗದಗಳು ಮಾತ್ರ. ಹೋದ ಕಾಗದಗಳು ಬೇರೊಂದು ಊರಿನ ಬೇರೊಂದು ಕಂಬಿಯಲ್ಲಿದ್ದವು. ಆದ್ದರಿಂದ ಯಾವ ಸಂಗ್ರಹವೂ ಸಂವಾದದ ಅರ್ಧವೇ. ಎಲ್ಲಕ್ಕಿಂತ ಮಿಗಿಲಾಗಿ, ಇಬ್ಬರಿಗೂ ಗೊತ್ತಿರುವುದನ್ನು ಯಾರೂ ಬರೆಯುವುದಿಲ್ಲ. ಮೂರನೆಯವರಿಗೆ ಬೇಕಾಗುವುದು ಮಾತ್ರ ಅದೇ.

ಪತ್ರಗಳನ್ನು ಬಳಸುವ ಕಾದಂಬರಿಕಾರರು ಬಹುಮಟ್ಟಿಗೆ ಸೋಲುವುದು ಈ ಕೊನೆಯ ಅಂಶದಲ್ಲಿ. ಅವರ ಹಳೆಯ ಪತ್ರಗಳು ಮುಂದೊಂದು ದಿನ ಅಪರಿಚಿತರು ಓದುವರೆಂದು ತಿಳಿದೇ ಬರೆದಂತಿರುತ್ತವೆ. ಊರು, ಸಂಬಂಧ, ಹಿಂದಿನ ಕಥೆ ಎಲ್ಲವನ್ನೂ ವಿವರಿಸಿ, ಸಾವನ್ನೂ ಸವಿಸ್ತಾರವಾಗಿ ಹೇಳಿಬಿಡುತ್ತವೆ. ಅಂಥ ಪತ್ರ ಎರಡು ಕಾಲಗಳನ್ನು ಬೆಸೆಯುವುದಿಲ್ಲ. ಇಂದಿನ ಕಾಲದ ಮಾತನ್ನೇ ಹಿಂದಿನ ದಿನಾಂಕ ಹಾಕಿ ನಮಗೆ ಓದಿಸುತ್ತದೆ. ನಿಜವಾದ ಹಳೆಯ ಕಾಗದ ಓದುಗನಿಗೆ ಬೆನ್ನು ತೋರಿಸಿ ಕುಳಿತಿರುತ್ತದೆ. ಆ ಬೆನ್ನನ್ನು ಚಿತ್ರಿಸಬಲ್ಲ ಕಾದಂಬರಿಗಾಗಿ ಕಾಯುತ್ತಿದ್ದೇನೆ.

೫

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಎರಡೂ ಗೌರವಕ್ಕೆ ಅರ್ಹವಾದವು.

ಪತ್ರಗಳ ಸಂಗ್ರಹವೆಂದರೆ ಅಕ್ಷರಸ್ಥ ಮೇಲ್ಜಾತಿಗಳ ನೆನಪನ್ನೇ ಮತ್ತೊಮ್ಮೆ ಕಾಪಿಡುವುದಲ್ಲವೆ ಎಂಬುದು ಮೊದಲನೆಯದು. ಚಾಮರಾಜಪುರದ ಕಂಬಿಗಳನ್ನು ಮಾತ್ರ ತಂದು ತೃಪ್ತರಾದರೆ ಈ ಆಕ್ಷೇಪ ಪೂರ್ತಿ ನಿಜ. ಆದರೆ ಭಾರತದಲ್ಲಿ ಕಾರ್ಡು ಬಂದದ್ದು ೧೮೭೯ರಲ್ಲಿ. ಅಷ್ಟು ಅಗ್ಗದ ಬರೆಹದ ಸಾಧನ ಅಕ್ಷರ ಬಾರದವರ ಕೈಗೂ ಎಟುಕಿತು. ಬರೆದುಕೊಡುವವರು ಸಿಕ್ಕರೆ ಸಾಕಾಗಿತ್ತು. ಸೈನ್ಯಕ್ಕೆ ಸೇರಿದವರು, ಕೋಲಾರದ ಗಣಿಗೆ, ಕೊಡಗಿನ ತೋಟಗಳಿಗೆ, ಮುಂಬಯಿಯ ಗಿರಣಿಗಳಿಗೆ ದುಡಿಯಲು ಹೋದವರು, ಹಾಸ್ಟೆಲಿನಲ್ಲಿದ್ದು ಓದಿದ ಮೊದಲ ತಲೆಮಾರಿನ ಮಕ್ಕಳು ಊರಿಗೆ ಬರೆದ, ಬರೆಸಿದ ಕಾಗದಗಳು ಯಾವ ಕಂಬಿಯಲ್ಲಿವೆ? ಮನಿಯಾರ್ಡರಿನ ತುಂಡಿನಲ್ಲಿದ್ದ ಒಂದಂಗುಲದ ಜಾಗದಲ್ಲಿ ಏನು ಬರೆಸುತ್ತಿದ್ದರು? ಸರ್ಕಾರಕ್ಕೆ ಬರೆಸಿದ ಅರ್ಜಿಗಳಲ್ಲಿ ಯಾರ ಧ್ವನಿಯಿದೆ? ಹುಡುಕಿದರೆ ಸಿಕ್ಕಾವು. ಸಿಕ್ಕದ ಕಡೆ ಜೋತಮ್ಮಗಳ ಮಾತನ್ನೇ ಕೇಳಬೇಕು. ಎಂಬತ್ತು ದಾಟಿದ ಆ ಹಿರಿಯ ಸೊಸೆಯ ಮಾತಿಲ್ಲದೆ ಕಾರ್ಡು ನನಗೆ ಸುಳ್ಳು ಹೇಳುತ್ತಿತ್ತು. ಕಾರ್ಡಿಲ್ಲದೆ ಅವರ ಬಾಯಿಂದ ಆ ಮಾತು ಹೊರಡುತ್ತಿರಲಿಲ್ಲ. ಬರೆಹ ಹಾಗೂ ಮೌಖಿಕ ಇವುಗಳನ್ನು ಎರಡು ಪ್ರತ್ಯೇಕ ಪತ್ರಿಕೆಗಳಾಗಿ ಬೋಧಿಸಿದ ನಮಗೆ ಇದು ಯೋಚಿಸಬೇಕಾದ ಸಂಗತಿ.

ಎರಡನೆಯದು ಖಾಸಗಿತನದ ಆಕ್ಷೇಪ. ಸತ್ತವರ ಕಾಗದ ಓದಲು ನಾವು ಯಾರು? ಹೆನ್ರಿ ಜೇಮ್ಸ್ ೧೮೮೮ರಷ್ಟು ಹಿಂದೆಯೇ ‘ದಿ ಆ್ಯಸ್ಪರ್ನ್ ಪೇಪರ್ಸ್’ ಎಂಬ ನೀಳ್ಗತೆಯಲ್ಲಿ ಈ ಪ್ರಶ್ನೆಯನ್ನೆತ್ತಿದ್ದಾನೆ. ಕವಿಯ ಪತ್ರಗಳಿಗಾಗಿ ಸುಳ್ಳು ಹೇಳಿ ಮನೆಯೊಳಗೆ ಸೇರುವ ಸಂಶೋಧಕನಿಗೆ ಕೊನೆಗೆ ಸಿಕ್ಕುವುದು, ಅವನ್ನೆಲ್ಲ ಒಂದೊಂದಾಗಿ ಸುಟ್ಟೆನೆಂಬ ಮಾತು. ಸುಡುವ ಹಕ್ಕು ಮನೆಯವರಿಗೆ ಇದೆ. ಸಾವಿನ ಕಾಗದ ಹರಿದ ನಮ್ಮ ಹಿರಿಯರಿಗೂ ಇತ್ತು. ಕಾಗದ ಪಡೆದವರ ಸ್ವತ್ತಾದರೂ ಬರೆಹದ ಹಕ್ಕು ಬರೆದವರದು, ಅವರ ವಾರಸುದಾರರದು ಎಂಬುದನ್ನು ಕಾನೂನೂ ಹೇಳುತ್ತದೆ. ಆದ್ದರಿಂದ ಮನೆಯವರ ಒಪ್ಪಿಗೆಯಿಲ್ಲದೆ ಒಂದು ಸಾಲನ್ನೂ ಅಚ್ಚು ಮಾಡಬಾರದು. ಮೇಲೆ ಹೇಳಿದ ಕಾರ್ಡಿನ ವಿಷಯವನ್ನು ಬರೆಯುವ ಮುನ್ನ ನಾನೂ ಕೇಳಿದ್ದೇನೆ. ಹೆಸರುಗಳನ್ನು ಬಿಟ್ಟಿರುವುದು ಅವರ ಇಚ್ಛೆಯಂತೆ. ಆದರೆ ಒಪ್ಪಿಗೆ ಕೇಳದೆಯೇ ತಕ್ಕಡಿಗೆ ಹೋಗುತ್ತಿರುವ ಕಾಗದಗಳ ವಿಷಯದಲ್ಲಿ ಖಾಸಗಿತನದ ಮಾತು ನಮ್ಮ ಆಲಸ್ಯಕ್ಕೆ ಮರೆಯಾಗಬಾರದು.

೬

ಮೈಸೂರಿನಲ್ಲಿ ಕುಳಿತು ಈ ಮಾತನ್ನು ಹೇಳುವುದಕ್ಕೆ ವಿಶೇಷವಾದ ಕಾರಣವಿದೆ. ಚಿಕ್ಕದೇವರಾಜ ಒಡೆಯರ ಕಾಲಕ್ಕೆ ತನ್ನ ಮೂಲವನ್ನು ಹೇಳಿಕೊಳ್ಳುವ ಮೈಸೂರು ಅಂಚೆ, ೧೮೮೯ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಗುವವರೆಗೂ ಈ ಸಂಸ್ಥಾನದ್ದೇ ಆಗಿತ್ತು. ಅದು ಬಿಟ್ಟುಹೋದ ಪದವನ್ನೇ ಇಂದು ಕರ್ನಾಟಕವೆಲ್ಲ ಬಳಸುತ್ತಿದೆ. ೧೮೯೧ರಲ್ಲಿ ಪ್ರಾರಂಭವಾದ ಪ್ರಾಚ್ಯ ಗ್ರಂಥಾಲಯ, ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಳ್ಳಿಹಳ್ಳಿಯಿಂದ ಓಲೆಗರಿಗಳನ್ನು ತಂದು ಉಳಿಸಿತು, ಆರ್. ಶಾಮಶಾಸ್ತ್ರಿಗಳು ಅಲ್ಲಿಂದಲೇ ೧೯೦೯ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ಕೊಟ್ಟರು. ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆ ಹಸ್ತಪ್ರತಿಗಳನ್ನೂ ಜನಪದ ವಸ್ತುಗಳನ್ನೂ ಕೂಡಿಹಾಕಿತು. ಜಯಲಕ್ಷ್ಮೀವಿಲಾಸದ ವಸ್ತುಸಂಗ್ರಹಾಲಯ ಆ ತಲೆಮಾರಿನ ಅಧ್ಯಾಪಕರ, ವಿದ್ಯಾರ್ಥಿಗಳ ಕಾಲ್ನಡಿಗೆಯ ಫಲ. ಬಳಕೆ ತಪ್ಪುತ್ತಿದ್ದ ವಸ್ತುಗಳನ್ನು ಅವು ಇನ್ನೂ ಮನೆಗಳಲ್ಲಿದ್ದಾಗಲೇ ಹೋಗಿ ತಂದರು. ಕಾಗದಗಳ ವಿಷಯದಲ್ಲಿ ಅಂಥದೇ ಗಳಿಗೆ ಈಗ ಬಂದಿದೆ.

ತಂತಿ ಸೇವೆ ೨೦೧೩ರ ಜುಲೈನಲ್ಲಿ ನಿಂತುಹೋಯಿತು. ಮನೆಗೆ ಬರುವ ಕೈಬರೆಹದ ಕಾಗದ ಅದಕ್ಕೂ ಮೊದಲೇ ನಿಂತಿತ್ತು. ಉಳಿದಿರುವ ಕಾಗದ ಇನ್ನೂ ಐವತ್ತು ವರ್ಷ ಬಾಳೀತು. ಆದರೆ ‘ಆ ವಿಷಯ’ ಯಾವುದೆಂದು ಹೇಳಬಲ್ಲವರು ಅಷ್ಟು ಕಾಲ ಇರುವುದಿಲ್ಲ. ಓಲೆಗರಿಯ ವ್ಯಾಖ್ಯಾನಕಾರ ಎಂದೋ ತೀರಿಕೊಂಡಿದ್ದ; ಕಂಬಿಯ ವ್ಯಾಖ್ಯಾನಕಾರರು ಇನ್ನೂ ಹಜಾರದಲ್ಲಿ ಕುಳಿತಿದ್ದಾರೆ. ಸಂಪಾದಕನಿಗೆ ಇಂಥ ಭಾಗ್ಯ ಹಿಂದೆಂದೂ ಸಿಕ್ಕಿರಲಿಲ್ಲ, ಮುಂದೆಯೂ ಸಿಕ್ಕುವುದಿಲ್ಲ.

ಆದುದರಿಂದ ಒಂದು ಸಣ್ಣ ಸಲಹೆ. ನಮ್ಮ ಎಂ.ಎ., ಎಂ.ಫಿಲ್. ಪದವಿಗಳ ಕಿರುಪ್ರಬಂಧಗಳಲ್ಲಿ ‘ಒಬ್ಬ ಲೇಖಕರ ಕೃತಿಗಳು: ಒಂದು ಅಧ್ಯಯನ’ ಎಂಬ ಮಾದರಿಯವು ಎಷ್ಟು ಬಂದಿವೆಯೆಂಬುದು ಮಾರ್ಗದರ್ಶನ ಮಾಡಿದವರಿಗೆಲ್ಲ ಗೊತ್ತು. ಎಂ.ಫಿಲ್. ಈಗ ಹೊಸ ನಿಯಮಗಳಲ್ಲಿ ಇಲ್ಲವಾದರೂ ಎಂ.ಎ.ಯಲ್ಲಿ ಕಿರುಪ್ರಬಂಧಕ್ಕೆ ಅವಕಾಶವಿರುವ ಕಡೆ, ವಿದ್ಯಾರ್ಥಿಯೊಬ್ಬ ಒಂದು ಮನೆಯ ಒಂದು ಕಂಬಿಯನ್ನು ಆರಿಸಿಕೊಳ್ಳಲಿ. ತನ್ನ ಅಜ್ಜಿಯ ಮನೆಯದೇ ಆಗಬಹುದು. ಕಾಗದಗಳನ್ನು ಚುಚ್ಚಿದ ಕ್ರಮದಲ್ಲೇ ಪಟ್ಟಿ ಮಾಡಲಿ. ಆ ಕ್ರಮವೂ ಒಂದು ದಾಖಲೆ. ಕಾಗುಣಿತ ತಿದ್ದದೆ ನಕಲು ಮಾಡಲಿ. ಬರೆದ ಕೈಗಳನ್ನು ಗುರುತಿಸಲಿ. ಮನೆಯ ಹಿರಿಯರೊಬ್ಬರ ಮುಂದೆ ಕುಳಿತು ಒಂದೊಂದನ್ನೂ ಓದಿ ಹೇಳಿ, ಅವರ ಮಾತನ್ನು ಅಡಿಟಿಪ್ಪಣಿಯಾಗಿ ಬರೆದುಕೊಳ್ಳಲಿ. ಅವರು ಹೇಳಲೊಲ್ಲದ ಕಡೆ ‘ಹೇಳಲಿಲ್ಲ’ ಎಂದು ಬರೆಯಲಿ. ಇಷ್ಟಕ್ಕೆ ಅನುದಾನ ಬೇಡ, ಆಯೋಗ ಬೇಡ.

ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಅಂದು ಸಭೆಯಲ್ಲಿ ನಾನು ಉತ್ತರ ಕೊಡಲಿಲ್ಲ. ಅವರು ಕೇಳಿದ ಕಾದಂಬರಿಯನ್ನು ಬರೆಯಬಲ್ಲವರು ಮುಂದೆ ಬಂದೇ ಬರುತ್ತಾರೆ. ಅವರು ಬಂದಾಗ ಅವರ ಮುಂದೆ ಇಡಲು ನಮ್ಮಲ್ಲಿ ಏನಿರುತ್ತದೆ ಎಂಬುದು ಅವರ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ. ಚಾಮರಾಜಪುರದ ಮೂರು ಕಂಬಿಗಳು ಸದ್ಯಕ್ಕೆ ನನ್ನ ಓದುವ ಕೋಣೆಯ ಗೋಡೆಯ ಮೇಲಿವೆ. ಆ ಬೀದಿಯಲ್ಲಿ ಇನ್ನೂ ನಾಲ್ಕು ಹಳೆಯ ಮನೆಗಳಿವೆ.